ಪಾತಿಯ ಅಂಚಿನ ಕಲ್ಲುಗಳು

ಮಕ್ಕಳು ದಂಟಿನ ಸೊಪ್ಪಿಗೆ ನೀರು ಹಾಕುತ್ತಿದ್ದ ಹೊತ್ತಿಗೆ ಹಿರಿಯರೊಬ್ಬರು ಗೇಟು ತೆರೆದು ಒಳಗೆ ಬಂದು, ಪ್ಯಾಂಟನ್ನು ಮೊಣಕಾಲ ಹತ್ತಿರ ಸ್ವಲ್ಪ ಮೇಲೆಳೆದುಕೊಂಡು ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಪಾತಿಯ ಸುತ್ತ ಜೋಡಿಸಿದ್ದ ಕಲ್ಲುಗಳಲ್ಲಿ ಒಂದರ ಮೇಲೆ ಅಂಗೈ ಇಟ್ಟರು. ಒಡೆದ ರುಬ್ಬುಗುಂಡಿನ ಅರ್ಧ ಭಾಗ ಅದು, ಬೆನ್ನು ಗುಂಡಗೆ ಉಬ್ಬಿತ್ತು. ಮಕ್ಕಳು ಅದಕ್ಕೆ ಕೆಂಪು ಬಣ್ಣ ಬಳಿದು, ಮೇಲೆ ಕಪ್ಪು ಚುಕ್ಕೆ ಇಟ್ಟು, ಮುಂದೆ ಎರಡು ಕಣ್ಣು ಬರೆದು ಗುಲಗಂಜಿ ಹುಳು ಮಾಡಿದ್ದರು. ಹಿರಿಯರು ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ.

ಶರ್ವಾಣಿ ವರಾಂಡದಿಂದ ಇದನ್ನು ನೋಡಿದಳು. ಯಾವುದೋ ಮಗುವಿನ ತಾತ ಇರಬೇಕು ಅಂದುಕೊಂಡು ಅವಳಿಗೆ ಖುಷಿಯಾಯಿತು. ಈ ಶಾಲೆ ತಾತಂದಿರಿಗೆ ಬೇಗ ಅರ್ಥವಾಗುತ್ತದೆ ಅನ್ನುವುದು ಅವಳ ನಂಬಿಕೆ. ಅಪ್ಪ ಅಮ್ಮಂದಿರಿಗೆ ಎಬಿಸಿಡಿ ಯಾವಾಗ ಶುರು ಮಾಡುತ್ತೀರಿ ಅನ್ನುವುದೊಂದೇ ಚಿಂತೆ. ಬೆಂಗಳೂರಿನಲ್ಲಿ ಮಾಂಟೆಸ್ಸರಿ ಕೋರ್ಸು ಮಾಡಿ ಬಂದು, ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ರಸ್ತೆಯಲ್ಲಿ ಯಾರೋ ರೇಷ್ಮೆಹುಳು ಸಾಕುತ್ತಿದ್ದ ಉದ್ದನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು ಅವಳು ಈ ಮಕ್ಕಳ ಮನೆ ತೆರೆದಿದ್ದಳು. ಇಲ್ಲಿ ಮಕ್ಕಳು ಮಣ್ಣು ಅಗೆಯುತ್ತಾರೆ, ಬೀಜ ಹಾಕುತ್ತಾರೆ, ತಾವು ಬೆಳೆದ ಸೊಪ್ಪನ್ನು ತಾವೇ ಸೋಸಿ ತೊಳೆಯುತ್ತಾರೆ. ಇಷ್ಟಕ್ಕೆಲ್ಲ ಫೀಸು ಯಾಕೆ, ನಮ್ಮ ಹೊಲದಲ್ಲೇ ಮಾಡ್ತಾರಲ್ಲ ಅಂತ ಒಬ್ಬ ತಂದೆ ಅವಳ ಮುಖಕ್ಕೇ ಕೇಳಿದ್ದೂ ಉಂಟು.

ಅವಳು ಹಿರಿಯರ ಪಕ್ಕ ಬಂದು ಪಿಸುದನಿಯಲ್ಲಿ ನಮಸ್ಕಾರ ಅಂದಳು. ಶಾಲೆಯಲ್ಲಿ ಅವಳ ಮಾತೆಲ್ಲ ಪಿಸುದನಿಯಲ್ಲೇ. ಅದು ಮನೆಯಲ್ಲೂ ಅಭ್ಯಾಸವಾಗಿಬಿಟ್ಟು, ಸಾರಿಗೆ ಉಪ್ಪು ಹಾಕಿದೆಯಾ ಅಂತ ಕೇಳಿದರೂ ಗುಟ್ಟು ಹೇಳಿದ ಹಾಗೆ ಹೇಳ್ತಾಳೆ ಎಂದು ಗಂಡ ಗಣೇಶ್ ಪ್ರಸಾದ್ ರೇಗಿಸುತ್ತಿದ್ದ. ಆ ದನಿಯಲ್ಲೇ ಅವಳು ಕಲ್ಲುಗಳ ಕಥೆ ಶುರುಮಾಡಿದಳು. ಎದುರಿನ ಬೀಳು ಜಾಗವನ್ನು ಮಕ್ಕಳೇ ಹೋಗಿ ಚೊಕ್ಕಟ ಮಾಡಿದ್ದು, ಪ್ಲಾಸ್ಟಿಕ್ಕು ಬಾಟಲಿ ಎಲ್ಲ ಆರಿಸಿದ್ದು, ಅಲ್ಲಿಂದ ಕಲ್ಲುಗಳನ್ನು ತಾವೇ ಉರುಳಿಸಿಕೊಂಡು ರಸ್ತೆ ದಾಟಿಸಿ ತಂದಿದ್ದು, ಭಾರದ ಕೆಲಸ ಮಾಡಿದರೆ ಮಕ್ಕಳ ಮನಸ್ಸು ಹೇಗೆ ಒಂದು ಕಡೆ ನಿಲ್ಲುತ್ತದೆ ಅನ್ನುವುದು, ಎಲ್ಲವನ್ನೂ ಹೇಳಿದಳು. ಈ ನೆಲಕ್ಕೆ ನಾವು ಯಜಮಾನರಲ್ಲ, ನೋಡಿಕೊಳ್ಳುವವರು ಅಷ್ಟೇ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ ಎಂದೂ ಸೇರಿಸಿದಳು. ಆ ಮಾತು ಅವಳಿಗೆ ಬಹಳ ಇಷ್ಟ, ಶಾಲೆಯ ಗೋಡೆಯ ಮೇಲೂ ಬರೆಸಿದ್ದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆಯೆತ್ತಿದರು.

"ನಾನು ಕಲ್ಯಾಣಿ ತಂದೆ ಕಣಮ್ಮ, ಆವುಲಪ್ಪ ಅಂತ. ಇದು ನನ್ನ ಮಗನ ಕಲ್ಲು."

ಶರ್ವಾಣಿಗೆ ಅರ್ಥವಾಗಲಿಲ್ಲ. ಕಲ್ಯಾಣಿ ಅವಳ ಜೊತೆಯ ಟೀಚರು, ಈ ಜೂನ್‌ನಲ್ಲಿ ಸೇರಿದವಳು. ತನಗೆ ಅಣ್ಣನೋ ತಮ್ಮನೋ ಇರುವುದಾಗಿ ಅವಳು ಎಂದೂ ಹೇಳಿರಲಿಲ್ಲ. ಮುಖದ ಮೇಲಿದ್ದ ನಗುವನ್ನು ಏನು ಮಾಡುವುದೆಂದು ತಿಳಿಯದೆ ಶರ್ವಾಣಿ ಹಾಗೇ ನಿಂತಿದ್ದಳು.

"ಮಧುಸೂದನ ಅಂತ. ಕಲ್ಯಾಣಿ ಹುಟ್ಟೋಕೆ ಮುಂಚೆನೇ ಹೋದ, ಮೂರು ವರ್ಷದೋನು. ಅಲ್ಲೇ ಮಣ್ಣು ಮಾಡಿದ್ವಿ." ಅವರು ರಸ್ತೆಯಾಚೆ ತಂಗಡಿ ಗಿಡಗಳು ಬೆಳೆದಿದ್ದ ಬೀಳಿನ ಕಡೆ ಗದ್ದ ತೋರಿಸಿದರು. "ನಮ್ಮ ಕಾಲೊನಿಯೋರೆಲ್ಲ ಅಲ್ಲೇ ಇರೋದು. ವರ್ಷಕ್ಕೊಂದು ಸಲ ಬಂದು ಸುತ್ತ ಕಳೆ ಕಿತ್ತು ಹೋಗ್ತೀನಿ. ಇವತ್ತು ಬಂದ್ರೆ ಕಲ್ಲೇ ಇಲ್ಲ. ಹುಡುಕ್ಕೊಂಡು ಈ ಕಡೆ ಬಂದೆ."

ನೀರಿನ ಕ್ಯಾನು ಹಿಡಿದಿದ್ದ ಅಪೇಕ್ಷಾ ಎಂಬ ನಾಲ್ಕೂವರೆ ವರ್ಷದ ಹುಡುಗಿ ಅವರ ಹತ್ತಿರ ಬಂದು, ಈ ಹುಳುವಿಗೆ ಕಣ್ಣು ಬರೆದಿದ್ದು ನಾನು ಅಂದಳು. ಚೆನ್ನಾಗದೆ ಕಣಮ್ಮ ಅಂದರು ಆವುಲಪ್ಪ. ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು, ಮಕ್ಕಳ ಜೊತೆ ಮಾತಾಡಿ ಅಭ್ಯಾಸವಿದ್ದವರು. ಎದ್ದು ನಿಂತು, ಪಾತಿಯ ಸುತ್ತ ಒಮ್ಮೆ ನಡೆದು, ಇಲ್ಲಿ ಇನ್ನೂ ಬೇರೆಯವರ ಕಲ್ಲುಗಳಿವೆ ಎಂದರು.

ಶರ್ವಾಣಿ ಗೊತ್ತಿರಲಿಲ್ಲ ಅಂದಳು. ಕ್ಷಮಿಸಿ ಅಂದಳು. ಭಾನುವಾರ ಯಾರೂ ಇಲ್ಲದಾಗ ಎಲ್ಲವನ್ನೂ ತೆಗೆಸಿ ಇದ್ದ ಜಾಗದಲ್ಲೇ ಇಡಿಸಿಬಿಡುತ್ತೇನೆ ಅಂದಳು. ಅದುವರೆಗೂ ತಲೆಯಾಡಿಸುತ್ತಿದ್ದ ಆವುಲಪ್ಪ ಅಲ್ಲಿಗೆ ನಿಲ್ಲಿಸಿದರು.

"ಯಾರೂ ಇಲ್ದಿದ್ದಾಗ ಯಾಕಮ್ಮ?"

 ಅವರು ಉತ್ತರಕ್ಕೆ ಕಾಯಲಿಲ್ಲ. ಮಗಳು ಒಳಗೆ ಕೆಲಸದಲ್ಲಿದ್ದಾಳೆ, ಆಮೇಲೆ ಫೋನು ಮಾಡುತ್ತೇನೆ ಎಂದು ಹೇಳಿ ಮೊಪೆಡ್ಡು ಹತ್ತಿ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶರ್ವಾಣಿಗೆ. ಬೈದವರಿಗೆ ಸಮಾಧಾನ ಹೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆದರೆ ಅವಳನ್ನು ಚುಚ್ಚಿದ್ದು ಬೇರೆಯೇ. ಗೊತ್ತಿರಲಿಲ್ಲ ಅಂದಿದ್ದು ಪೂರ್ತಿ ನಿಜವಲ್ಲ ಎಂದು ಅವರು ಹೋದ ಮೇಲೆ ನೆನಪಾಯಿತು. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾಗಿದ್ದ ದಿನ ಅದು. ಬೀಳಿನಲ್ಲಿ ಅಪೇಕ್ಷಾ ಈ ಗುಂಡಗಿನ ಕಲ್ಲನ್ನು ಕಂಡು, ಎರಡೂ ಕೈಯಿಂದ ತಳ್ಳಿ ಅಲ್ಲಾಡಿಸುತ್ತಿದ್ದಳು. ಮೂತಿ ಮುಂದೆ ಮಾಡಿಕೊಂಡು, ಬೆವರಿಕೊಂಡು, ಸುತ್ತ ಏನೂ ಬೇಡ ಎನ್ನುವಷ್ಟು ಮಗ್ನಳಾಗಿದ್ದಳು. ಶರ್ವಾಣಿ ವಿಡಿಯೋ ಮಾಡುತ್ತಿದ್ದಳು. ಆಗ ಕಲ್ಯಾಣಿ ಓಡಿಬಂದು ಮಗುವಿನ ಭುಜ ಹಿಡಿದು, ಇದು ಬೇಡ ಕಣಮ್ಮ, ಬೇರೆ ತಗೊಳ್ಳಣ ಎಂದಳು. ಮಗು ಅಳುಮುಖ ಮಾಡಿತು.

ಕೆಲಸದಲ್ಲಿ ಮುಳುಗಿರುವ ಮಗುವನ್ನು ಯಾವ ಕಾರಣಕ್ಕೂ ತಡೆಯಬಾರದು. ಕೋರ್ಸಿನ ಮೊದಲ ದಿನ ಹೇಳಿಕೊಟ್ಟದ್ದು ಅದು, ಕೊನೆಯ ದಿನದ ಪರೀಕ್ಷೆಯಲ್ಲೂ ಕೇಳಿದ್ದು ಅದೇ. ಶರ್ವಾಣಿ ಬಾಯಿ ತೆರೆಯಲೂ ಇಲ್ಲ. ತುಟಿಯ ಮೇಲೆ ಬೆರಳಿಟ್ಟು, ಹುಬ್ಬೇರಿಸಿ, ಕಲ್ಯಾಣಿಯನ್ನು ಕಣ್ಣಲ್ಲೇ ಹಿಂದಕ್ಕೆ ಸರಿಸಿದಳು. ಅಷ್ಟೂ ಮಕ್ಕಳೆದುರಿಗೆ. ಕಲ್ಯಾಣಿ ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡು, ಕೈ ತೆಗೆದು ಎರಡು ಹೆಜ್ಜೆ ಹಿಂದೆ ನಿಂತಳು. ಮಗು ಕಲ್ಲು ಉರುಳಿಸಿತು. ಅವತ್ತು ಸಂಜೆ ಆ ವಿಡಿಯೋಕ್ಕೆ ಎಷ್ಟೊಂದು ಜನ ಮೆಚ್ಚಿಗೆ ಹೇಳಿದ್ದರು. ವಿಡಿಯೋದ ಮೂಲೆಯಲ್ಲಿ ಕಲ್ಯಾಣಿಯ ಸೀರೆ ಅಂಚು ಹಿಂದಕ್ಕೆ ಸರಿಯುವುದು ಕಾಣುತ್ತಿತ್ತು, ಶರ್ವಾಣಿ ಅದನ್ನು ಕತ್ತರಿಸಿ ಹಾಕಿದ್ದಳು.

ಮಧ್ಯಾಹ್ನ ಊಟದ ಹೊತ್ತಿನವರೆಗೆ ಅವಳು ಕಲ್ಯಾಣಿಯ ಕಣ್ಣು ತಪ್ಪಿಸಿ ಓಡಾಡಿದಳು. ಆಮೇಲೆ ಮಕ್ಕಳನ್ನು ಅವಳಿಗೆ ಒಪ್ಪಿಸಿ ಮನೆಗೆ ಹೊರಟಳು. ಸ್ಕೂಟರಿನಲ್ಲಿ ಹೋದರೆ ಮನೆ ಹತ್ತಿರವೇ. ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಪೋಷಕರ ಬಗ್ಗೆ. ಸಮಾಧಿ ಕಲ್ಲು, ಅದೂ ಕಾಲೊನಿಯವರದು, ತಮ್ಮ ಮಕ್ಕಳ ಕೈಯಲ್ಲಿ ಹೊರಿಸಿದ್ದಾರೆ ಅಂತ ಗೊತ್ತಾದರೆ ಅರ್ಧಕ್ಕರ್ಧ ಜನ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರ್ಧ ಹೋದರೆ ಉಳಿದರ್ಧವೂ ಹೋದ ಹಾಗೆಯೇ. ಶಾಲೆ ಮುಚ್ಚಬೇಕಾಗುತ್ತದೆ. ಅಷ್ಟರವರೆಗೂ ಅವಳ ತಲೆಗೆ ಆ ಮೂರು ವರ್ಷದ ಹುಡುಗ ಬಂದಿರಲೇ ಇಲ್ಲ.

ಮನೆಯಲ್ಲಿ ಅವಳು ಮಾಡಿದ್ದು ಇಷ್ಟು. ಚಪ್ಪಲಿ ಹೊರಗೆ ಬಿಟ್ಟಳು, ಅಡುಗೆಮನೆ ಕಡೆ ಹೋಗದೆ ಹಿತ್ತಲಿನಿಂದ ಸೀದಾ ಬಚ್ಚಲಿಗೆ ನಡೆದಳು, ಉಟ್ಟ ಬಟ್ಟೆಯ ಮೇಲೇ ತಲೆಗೆ ನೀರು ಸುರಿದುಕೊಂಡಳು. ಯೋಚಿಸಿ ಮಾಡಿದ್ದಲ್ಲ. ಚಿಕ್ಕಬಳ್ಳಾಪುರದ ತವರಿನಲ್ಲಿ ಯಾರದಾದರೂ ಮಣ್ಣಿಗೆ ಹೋಗಿ ಬಂದ ಅಪ್ಪ ಹಿತ್ತಲಿನಿಂದಲೇ ಬಚ್ಚಲಿಗೆ ಹೋಗುತ್ತಿದ್ದುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಕಾಲು ಅಲ್ಲಿಗೆ ಹೋಯಿತು, ಕೈ ಚೊಂಬು ತೆಗೆದುಕೊಂಡಿತು.

ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಬಂದಾಗ ಅತ್ತೆ ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದರು. ಈ ಹೊತ್ತಿನಲ್ಲಿ ತಲೆಗೆ ನೀರು ಯಾಕಮ್ಮ ಅಂದರು. ಸುಳ್ಳು ಹೇಳಲು ತೋಚದೆ ಶರ್ವಾಣಿ ನಡೆದದ್ದನ್ನು ಹೇಳಿದಳು. ಅತ್ತೆಯ ಮುಖ ಮೊದಲು ಗಾಬರಿಯಾಯಿತು, ಆಮೇಲೆ ಮೆತ್ತಗಾಯಿತು. ಎಷ್ಟೋ ದಿನದಿಂದ ಈ ಸೊಸೆಯ ಶಾಲೆ, ಅಲ್ಲಿನ ಮಣ್ಣು, ಎಲ್ಲರ ಡಬ್ಬಿಯಲ್ಲೂ ಕೈ ಹಾಕಿ ತಿನ್ನುವುದು ಇವೆಲ್ಲ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದವು.

"ಒಳ್ಳೇ ಕೆಲಸ ಮಾಡ್ದೆ ಕಣಮ್ಮ. ಏನೇ ಓದಿರ್ಲಿ, ನಮ್ಮದು ನಮ್ಮನ್ನ ಬಿಟ್ಟುಹೋಗಲ್ಲ."

ಹಾಗೆ ಹೇಳಿ ಕಾಫಿ ಮಾಡಲು ಒಳಗೆ ಹೋದರು. ಆಗ ಶರ್ವಾಣಿಗೆ ತಾನು ಮಾಡಿದ್ದು ಏನೆಂದು ಅರಿವಾಯಿತು. ಬೆಳಿಗ್ಗೆಯಿಂದ ಆಗಿದ್ದು ಮುಜುಗರ, ಹೆದರಿಕೆ. ಈಗ ಬಂದದ್ದು ನಾಚಿಕೆ. ಆ ಕಲ್ಲನ್ನು ಅವಳು ತಿಂಗಳುಗಟ್ಟಲೆ ಮುಟ್ಟಿದ್ದಳು, ಮಕ್ಕಳ ಜೊತೆ ಬ್ರಶ್ಶಿನಲ್ಲಿ ಉಜ್ಜಿ ತೊಳೆದಿದ್ದಳು, ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದಳು. ಅದು ಬರೀ ಕಲ್ಲಾಗಿದ್ದಾಗ ಏನೂ ಅನ್ನಿಸಿರಲಿಲ್ಲ. ಕಲ್ಯಾಣಿಯ ಅಣ್ಣನದು ಅಂತ ತಿಳಿದ ಮಧ್ಯಾಹ್ನವೇ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು.

ಇನ್ನೂ ಒಂದಿತ್ತು, ಅದನ್ನು ಒಪ್ಪಿಕೊಳ್ಳುವುದು ಅವಳಿಗೆ ಇನ್ನೂ ಕಷ್ಟ. ಕಲ್ಯಾಣಿಯ ಡಬ್ಬಿಯಿಂದ ಮುದ್ದೆ ಮುರಿದು ತಿನ್ನುವಾಗಲೆಲ್ಲ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ ಇರುತ್ತಿತ್ತು. ನಾನು ಇವೆಲ್ಲ ನೋಡುವವಳಲ್ಲ ಅನ್ನುವ ಹೆಮ್ಮೆ. ಗೆಳತಿಯ ಊಟ ತಿನ್ನುವುದಕ್ಕೆ ಯಾರಾದರೂ ಹೆಮ್ಮೆ ಪಡುತ್ತಾರಾ? ಹಸಿವಾಗಿ ತಿನ್ನುತ್ತಾರೆ, ಇಲ್ಲ ರುಚಿಗೆ ತಿನ್ನುತ್ತಾರೆ.

ಕರೆಂಟು ಹೋಗಿತ್ತು. ಕೂದಲು ದಟ್ಟ, ಟವೆಲ್ಲಿನಿಂದ ಎಷ್ಟು ಒರೆಸಿದರೂ ಹನಿ ಬೀಳುತ್ತಿತ್ತು. ಹೊತ್ತು ಮೀರುತ್ತಿತ್ತು, ಅಲ್ಲಿ ಕಲ್ಯಾಣಿ ಒಬ್ಬಳೇ ಅಷ್ಟು ಮಕ್ಕಳನ್ನು ನೋಡಿಕೊಳ್ಳಬೇಕು. ಬಿಸಿಲಿನಲ್ಲಿ ನಿಧಾನವಾಗಿ ಸ್ಕೂಟರು ಓಡಿಸಿಕೊಂಡು ಹೋದರೆ ಒಣಗೀತು ಎಂದು ಹೊರಟಳು. ತಲೆ ಒಣಗಲಿ ಅಂತ ಊರ ಹೊರಗೆ ಒಂದು ಸುತ್ತು ಹೆಚ್ಚೇ ಹಾಕಿದಳು. ಕದ್ದವರು ಕದ್ದ ಮಾಲನ್ನು ಅಡಗಿಸಲು ಜಾಗ ಹುಡುಕುವಂತಿತ್ತು ಅವಳ ಪಾಡು. ಒಣಗಲಿಲ್ಲ.

ಮಕ್ಕಳು ಚಾಪೆಯ ಮೇಲೆ ಮಲಗಿದ್ದರು. ಕಲ್ಯಾಣಿ ಕಿಟಕಿಯ ಹತ್ತಿರ ಕೂತು ಹರಿದ ಏಪ್ರನ್ನಿಗೆ ಹೊಲಿಗೆ ಹಾಕುತ್ತಿದ್ದಳು. ಚಪ್ಪಲಿ ಸದ್ದಿಗೆ ತಲೆಯೆತ್ತಿ, ಅಪ್ಪ ಫೋನು ಮಾಡಿದ್ದರು ಅನ್ನುವಷ್ಟರಲ್ಲಿ ಅವಳ ಕಣ್ಣು ಶರ್ವಾಣಿಯ ತಲೆಯ ಮೇಲೆ ಹೋಯಿತು. ಗಂಟು ಕಟ್ಟಿದ ಒದ್ದೆ ಕೂದಲು, ಭುಜದ ಮೇಲೆ ನೆನೆದ ರವಿಕೆ, ಬೆಳಿಗ್ಗೆ ಉಟ್ಟಿದ್ದಲ್ಲದ ಬೇರೆ ಸೀರೆ. ನೋಡಿದಳು, ನೋಡಿ ಸೂಜಿಯ ಕಡೆ ತಿರುಗಿದಳು. ದಾರ ಕಚ್ಚಿ ಕತ್ತರಿಸಿದಳು.

"ತಲೆ ಸರಿಯಾಗಿ ಒರೆಸ್ಕೊಳ್ಳಿ ಮೇಡಂ. ಶೀತ ಆಗುತ್ತೆ."

ಸೇರಿದ ಮೊದಲ ವಾರ ಬಿಟ್ಟರೆ ಕಲ್ಯಾಣಿ ಅವಳನ್ನು ಎಂದೂ ಮೇಡಂ ಅಂದಿರಲಿಲ್ಲ. ಶರ್ವಾಣಿ ಅಕ್ಕ ಅನ್ನುತ್ತಿದ್ದಳು, ಅವಸರದಲ್ಲಿ ಬರೀ ಅಕ್ಕ. ಹಾಗೆ ಕರೆ ಎಂದು ಹೇಳಿಕೊಟ್ಟವಳೂ ಶರ್ವಾಣಿಯೇ. ಈಗ ಕೊಟ್ಟದ್ದನ್ನು ವಾಪಸು ಇಟ್ಟಂತೆ ಮೇಡಂ ಅಂದಳು. ಶರ್ವಾಣಿಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಮಲಗಿದ್ದ ಮಕ್ಕಳಿಗೆ ಸರಿಯಾಗಿಯೇ ಇದ್ದ ಹೊದಿಕೆಗಳನ್ನು ಮತ್ತೆ ಮತ್ತೆ ಸರಿಮಾಡುತ್ತಾ ಮಧ್ಯಾಹ್ನ ಕಳೆದಳು.

ಸಂಜೆ ಕೊನೆಯ ಮಗುವೂ ಹೋದ ಮೇಲೆ ಕಲ್ಯಾಣಿ ಪಾತಿಯ ಹತ್ತಿರ ಹೋಗಿ, ಬಗ್ಗಿ ಕಲ್ಲುಗಳನ್ನು ಬೇರೆ ಮಾಡಲು ಶುರುಮಾಡಿದಳು. ಶಾಲೆಯ ಅಂಗಳದಲ್ಲೇ ಸಿಕ್ಕಿದ್ದ ಕಲ್ಲುಗಳನ್ನು ಬಿಟ್ಟು ಬೀಳಿನಿಂದ ಬಂದವನ್ನಷ್ಟೇ ಒಂದು ಕಡೆಗೆ ಇಡುತ್ತಿದ್ದಳು. ಶರ್ವಾಣಿ ಸ್ವಲ್ಪ ಹೊತ್ತು ನೋಡಿದಳು. ಹೇಳಬೇಕಾದದ್ದು ಬೇರೆ ಏನೋ ಇತ್ತು, ಆದರೆ ಬಾಯಿಗೆ ಬಂದದ್ದು ಆರೋಪವೇ. ನೀನಾದರೂ ಹೇಳಬಾರದಿತ್ತಾ, ಇಷ್ಟು ತಿಂಗಳು ಸುಮ್ಮನಿದ್ದೆಯಲ್ಲ ಅಂದುಬಿಟ್ಟಳು.

ಕಲ್ಯಾಣಿ ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು. ಬೀಳಿನ ಕಡೆ ನೋಡುತ್ತಾ ಮಾತಾಡಿದಳು. ಕೆಲಸ ಹೊಸದು, ಮಾತೆತ್ತಿದರೆ ಎಲ್ಲಿ ಹೋಗುತ್ತದೋ ಅನ್ನುವ ಭಯವಿತ್ತು. ಪೋಷಕರಿಗೆ ತಿಳಿದರೆ ತಮ್ಮ ಕೇರಿಯ ಜಾಗಕ್ಕೇ ಬೇಲಿ ಬರಬಹುದು ಅಂತಲೂ ಇತ್ತು. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ಎಲ್ಲ ನಿಜ.

"ಆದ್ರೆ ಅದೊಂದೇ ಅಲ್ಲ. ಯಾಕೆ ತಡೆದೆ ಅಂತ ಆಮೇಲಾದ್ರೂ ಕೇಳ್ತೀರಾ ಅನ್ಕೊಂಡೆ. ಮಕ್ಕಳು ಮನೆಗೆ ಹೋದ್ಮೇಲೆ ಕೇಳ್ತೀರಾ ಅಂತ ಇದ್ದೆ. ನೀವು ಕೇಳಲಿಲ್ಲ. ಮಾರನೇ ದಿನ ಬಣ್ಣದ ಡಬ್ಬಿ ತಂದ್ರಿ."

ಶರ್ವಾಣಿ ನೆಲ ನೋಡಿದಳು. ಇಲ್ಲ, ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಹೊಸಬಳು, ತರಬೇತಿ ಸಾಲದು, ಮಕ್ಕಳ ಮಧ್ಯೆ ಕೈ ಹಾಕುತ್ತಾಳೆ ಎಂದುಕೊಂಡು ಸುಮ್ಮನಾಗಿದ್ದಳು. ಮಕ್ಕಳ ಮನಸ್ಸಿನೊಳಗೆ ಏನು ನಡೆಯುತ್ತಿದೆ ಎಂದು ಗಂಟೆಗಟ್ಟಲೆ ಕೂತು ನೋಡುವವಳು, ಪಕ್ಕದಲ್ಲಿ ನಿಂತವಳ ಮುಖ ನೋಡಿರಲಿಲ್ಲ.

ಆಮೇಲೆ ಅವಳು, ಭಾನುವಾರ ಬೇಡ, ನಾಳೆಯೇ ಆಗಲಿ ಎಂದಳು. ಮಕ್ಕಳಿರುವಾಗಲೇ, ಪೋಷಕರು ಬರುವ ಹೊತ್ತಿನಲ್ಲೇ ಆಗಲಿ, ಅಪ್ಪನನ್ನು ಕರೆಯುತ್ತೀಯಾ ಎಂದು ಕೇಳಿದಳು. ಕಲ್ಯಾಣಿ ಮೊದಲ ಬಾರಿಗೆ ಅವಳ ಮುಖವನ್ನು ನೇರವಾಗಿ ನೋಡಿದಳು.

"ಕರೀತೀನಿ. ಆದ್ರೆ ಮಕ್ಕಳು ಹೊರೋದು ಬೇಡ. ನೀವು ಹೊರಿ."

ಕತ್ತಲಾಗುವವರೆಗೆ ಶರ್ವಾಣಿ ಒಬ್ಬಳೇ ಕೂತು ತೆಂಗಿನ ನಾರಿನಿಂದ ಕಲ್ಲುಗಳ ಬಣ್ಣ ತಿಕ್ಕಿದಳು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ರಂಧ್ರಗಳಲ್ಲಿ ಕೂತ ಕೆಂಪು ಹೋಗಲೊಲ್ಲದು. ಮಳೆಗೂ ಹೋಗಬಾರದು ಅಂತ ಅವಳೇ ಆರಿಸಿ ತಂದ ಬಣ್ಣ. ಮನೆಗೆ ಹೋದಾಗ ಅತ್ತೆ ಅವಳ ಕೈ ನೋಡಿದರು. ಶರ್ವಾಣಿಯೇ, ಮಧ್ಯಾಹ್ನ ನೀರು ಹಾಕಿಕೊಂಡಿದ್ದು ಒಳ್ಳೇ ಕೆಲಸವಲ್ಲ ಅತ್ತೆ ಎಂದಳು. ವೆಂಕಟಲಕ್ಷ್ಮಮ್ಮ ಸೊಪ್ಪು ಸೋಸುತ್ತಲೇ ಇದ್ದರು. ಅವರಿಗೆ ಈ ಮಾತು ಅರ್ಥವಾಗದೆ ಇರಲಿಲ್ಲ, ಬೇಕಾಗಿರಲಿಲ್ಲ ಅಷ್ಟೇ.

ಮಾರನೇ ದಿನ ಆವುಲಪ್ಪ ಗಡಾರಿ ಹಿಡಿದು ಬಂದರು. ಬೀಳಿನಲ್ಲಿ ತಂಗಡಿ ಗಿಡಗಳ ನಡುವೆ ಕಲ್ಲು ಕಿತ್ತಿದ್ದ ಗುಳಿಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಅವರು ಗುಳಿಯನ್ನು ಸ್ವಲ್ಪ ತೋಡಿ ಹದ ಮಾಡುವರು, ಶರ್ವಾಣಿ ಪಾತಿಯಿಂದ ಕಲ್ಲನ್ನು ಎತ್ತಿ, ಹೊಟ್ಟೆಗೆ ಅವುಚಿಕೊಂಡು ರಸ್ತೆ ದಾಟಿ ತರುವಳು. ಅವಳಿಗೆ ಭಾರ ಹೊತ್ತು ಅಭ್ಯಾಸವಿಲ್ಲ. ಎರಡು ಕಲ್ಲಿಗೇ ಸೊಂಟ ಹಿಡಿಯಿತು. ನಾಲ್ಕು ವರ್ಷದ ಮಕ್ಕಳು ಇದನ್ನು ಉರುಳಿಸಿದರಲ್ಲ ಎಂದು ಆಶ್ಚರ್ಯವಾಯಿತು, ಆ ಆಶ್ಚರ್ಯಕ್ಕೂ ನಾಚಿಕೆಯಾಯಿತು.

ಮಕ್ಕಳು ಕಲ್ಯಾಣಿಯ ಜೊತೆ ವರಾಂಡದಲ್ಲಿ ನಿಂತು ನೋಡುತ್ತಿದ್ದರು. ಒಂದು ಮಗು ಆಂಟೀ ಎಂದು ಕೂಗಿತು. ಅಪೇಕ್ಷಾ ತುಟಿಯ ಮೇಲೆ ಬೆರಳಿಟ್ಟು, ಆಂಟಿ ಕೆಲಸ ಮಾಡ್ತಿದ್ದಾರೆ, ತಡೀಬಾರದು ಎಂದು ಪಿಸುಗುಟ್ಟಿದಳು. ಅದು ಪಾತಿಯ ಬಳಿ ಬಗ್ಗಿದ್ದ ಶರ್ವಾಣಿಗೂ ಕೇಳಿಸಿತು, ಕಲ್ಯಾಣಿಗೂ ಕೇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ರುಬ್ಬುಗುಂಡಿನ ಕಲ್ಲನ್ನು ತಂದಾಗ ಅವಳು ಬಣ್ಣ ಪೂರ್ತಿ ಹೋಗಿಲ್ಲ, ಇನ್ನೊಮ್ಮೆ ತಿಕ್ಕುತ್ತೇನೆ ಎಂದು ತೊದಲಿದಳು. ಆವುಲಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಗುಳಿಯಲ್ಲಿ ಕೂರಿಸಿ ಸುತ್ತ ಮಣ್ಣು ಒತ್ತಿದರು. ಅರ್ಧ ಅಳಿಸಿದ ಚುಕ್ಕೆಗಳು, ಒಂದು ಕಣ್ಣು ಉಳಿದಿದ್ದವು.

"ಇರ್ಲಿ ಬಿಡಿ. ಸಣ್ಣ ಹುಡುಗನದಲ್ವಾ."

ಇಷ್ಟು ಮೆತ್ತಗೆ ಮಾತಾಡಬೇಡಿ ಎಂದು ಕೂಗಬೇಕೆನಿಸಿತು ಶರ್ವಾಣಿಗೆ. ಅವಳು ತಿರುಗಿ ಮುಂದಿನ ಕಲ್ಲಿಗೆ ಹೋದಳು.

ಒಂದೊಂದಾಗಿ ಎಲ್ಲಕ್ಕೂ ಜಾಗ ಸಿಕ್ಕಿತು. ಇದು ನಮ್ಮ ದೊಡ್ಡಪ್ಪನದು, ಇದು ಪೋಸ್ಟ್‌ಮ್ಯಾನ್ ಕೋನಪ್ಪನ ಹೆಂಡತಿದು ಎಂದು ಆವುಲಪ್ಪ ಹೇಳುತ್ತಾ ಹೋದರು. ಕೊನೆಗೆ ಒಂದು ಉಳಿಯಿತು. ಅಗಲವಾದ, ಮೂಲೆ ಮುರಿದ ಚಪ್ಪಡಿ ತುಂಡು. ಅವರು ಅದನ್ನು ತಿರುಗಿಸಿ ನೋಡಿದರು, ಗುಳಿಗಳನ್ನು ನೋಡಿದರು. ಮಳೆಗೆ ಇದರ ಗುಳಿ ಮುಚ್ಚಿಹೋಗಿರಬೇಕು. ಯಾರದೋ ತಿಳಿಯಲಿಲ್ಲ. ರಸ್ತೆಯಾಚೆಯಿಂದ ಕಲ್ಯಾಣಿಯನ್ನು ಕೂಗಿ ಕೇಳಿದರು, ಅವಳಿಗೂ ತಿಳಿದಿರಲಿಲ್ಲ. ಕಾಲೊನಿಯಲ್ಲಿ ತನ್ನ ಚಿಕ್ಕಮ್ಮ ಕೊಂಡಮ್ಮ ಇದ್ದಾಳೆ, ಎಲ್ಲರಿಗಿಂತ ಹಿರಿಯಳು, ಅವಳಿಗೆ ಗೊತ್ತಿರುತ್ತದೆ, ಕರೆದುಕೊಂಡು ಬರುತ್ತೇನೆ ಎಂದು ಹೊರಟರು. ಶರ್ವಾಣಿ ಕಲ್ಲನ್ನು ಕೆಳಗಿಡಲು ಬಗ್ಗಿದಾಗ ತಡೆದರು.

"ಅಲ್ಲಿಡಬೇಡಿ ಅಮ್ಮ. ಕೆಳಗೆ ಯಾರಿರ್ತಾರೋ. ಒಬ್ಬರ ಕಲ್ಲು ಇನ್ನೊಬ್ಬರ ಮೇಲೆ ಇಡಂಗಿಲ್ಲ. ನಾನು ಬರೋಗಂಟ ಹಿಡ್ಕೊಂಡಿರಿ."

ನಿಂತು ಹಿಡಿಯಲಾಗದೆ ಅವಳು ಬೀಳಿನ ಅಂಚಿನಲ್ಲಿ, ರಸ್ತೆಯ ಪಕ್ಕ, ನೆಲದ ಮೇಲೆ ಕೂತು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಂಜೆಯ ಬಿಸಿಲು ಇನ್ನೂ ಸುಡುತ್ತಿತ್ತು. ಮಕ್ಕಳನ್ನು ಕರೆದೊಯ್ಯಲು ಸ್ಕೂಟರುಗಳು, ಆಟೋಗಳು ಒಂದೊಂದಾಗಿ ಬರತೊಡಗಿದವು. ಗೇಟಿನಲ್ಲಿ ಕಲ್ಯಾಣಿ ದಿನದಂತೆ ಒಂದೊಂದು ಮಗುವಿನ ಹೆಸರು ಕರೆದು ಕಳಿಸುತ್ತಿದ್ದಳು. ಬಂದವರೆಲ್ಲ ರಸ್ತೆಯಾಚೆ ಮಣ್ಣಿನಲ್ಲಿ ಕೂತ ಮೇಡಮ್ಮನ್ನು ನೋಡಿ, ಮತ್ತೆ ನೋಡಿದರು.

ತಾಲ್ಲೂಕಾಫೀಸಿನಲ್ಲಿ ಗುಮಾಸ್ತನಾಗಿದ್ದ ಚೆನ್ನಕೇಶವ, ಅಪೇಕ್ಷಾಳ ಅಪ್ಪ, ಮಗಳನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರನ್ನು ಅವಳ ಹತ್ತಿರಕ್ಕೇ ತಂದ. ಒಳ್ಳೆಯ ಮನುಷ್ಯ, ಶಾಲೆಗೆ ಹೊಸ ಮಕ್ಕಳನ್ನು ಸೇರಿಸಿಕೊಟ್ಟವನು. ಏನಾಯಿತು ಮೇಡಂ, ಹುಷಾರಿಲ್ವಾ ಎಂದು ಕೇಳಿದ. ಹೌದು ಎನ್ನಬಹುದಿತ್ತು. ಹುಷಾರಿಲ್ಲ, ಬಿಸಿಲಿಗೆ ತಲೆ ಸುತ್ತಿತು ಅಂದಿದ್ದರೆ ಅವನು ನೀರು ತಂದುಕೊಟ್ಟು ಹೋಗುತ್ತಿದ್ದ. ಶರ್ವಾಣಿಯ ನಾಲಿಗೆಯ ಮೇಲೆ ಆ ಮಾತು ಬಂದೂ ಬಂದಿತ್ತು.

ಅವಳು ನಿಜ ಹೇಳಿದಳು. ಇದು ಸಮಾಧಿ ಕಲ್ಲು, ಕಾಲೊನಿಯವರದು, ಮಕ್ಕಳ ಕೈಯಲ್ಲಿ ಕೀಳಿಸಿ ತಂದು ಪಾತಿಗೆ ಇಡಿಸಿದ್ದೆ, ಈಗ ವಾಪಸು ಇಡುತ್ತಿದ್ದೇವೆ ಎಂದಳು. ಚೆನ್ನಕೇಶವನ ಕಣ್ಣು ಮಗಳ ಕೈಗಳ ಮೇಲೆ ಹೋಯಿತು.

"ನಮ್ಮ ಪಾಪು ಮುಟ್ಟಿದ್ದಾಳಾ?"

"ಮುಟ್ಟಿದ್ದಾಳೆ. ಮುಟ್ಟಿದ್ದು ತಪ್ಪಲ್ಲ. ಕಿತ್ತಿದ್ದು ತಪ್ಪು, ಅದು ನನ್ನದು."

ಅವನು ಸ್ಕೂಟರು ತಿರುಗಿಸಿಕೊಂಡು ಹೋದ. ಗೇಟಿನ ಹತ್ತಿರ ನಿಲ್ಲಿಸಿ ಇನ್ನಿಬ್ಬರಿಗೆ ಏನೋ ಹೇಳಿದ್ದು ಕಾಣಿಸಿತು. ಅವರು ಈ ಕಡೆ ತಿರುಗಿದರು, ಒಬ್ಬಾಕೆ ಫೋನು ತೆಗೆದಳು. ನಾಳೆ ಎಷ್ಟು ಮಕ್ಕಳು ಬರುತ್ತಾರೋ ಶರ್ವಾಣಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕಲ್ಲನ್ನೇ ನೋಡುತ್ತಿದ್ದಳು. ಕಲ್ಯಾಣಿ ಗೇಟಿನಿಂದ ಎಲ್ಲವನ್ನೂ ನೋಡಿದಳು, ಆಮೇಲೆ ಮುಂದಿನ ಮಗುವಿನ ಹೆಸರು ಕರೆದಳು. ದನಿ ಎಂದಿನಂತೆಯೇ ಇತ್ತು, ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ರಸ್ತೆ ಖಾಲಿಯಾಗುವ ಹೊತ್ತಿಗೆ ಆವುಲಪ್ಪ ಒಬ್ಬ ಮುದುಕಿಯನ್ನು ಕೈಹಿಡಿದು ನಡೆಸಿಕೊಂಡು ಬಂದರು. ಬಹಳ ಮುಪ್ಪಾದ ಜೀವ, ಒಂದು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದಳು. ಶರ್ವಾಣಿ ಎದ್ದು ನಿಲ್ಲಲು ನೋಡಿದಳು. ಕಾಲು ಜೋಮು ಹಿಡಿದಿತ್ತು, ಕಲ್ಲು ತೊಡೆಯ ಮೇಲಿತ್ತು, ಕೆಳಗಿಡುವ ಹಾಗಿರಲಿಲ್ಲ. ಹಿರಿಯರೆದುರು ಹಾಗೆ ಕೂತೇ ಇರಬೇಕಾಯಿತು. ಕೊಂಡಮ್ಮ ಹತ್ತಿರ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ಕಲ್ಲನ್ನು ನೋಡಲಿಲ್ಲ, ಅದನ್ನು ಹೊತ್ತವಳ ಮುಖವನ್ನು ನೋಡಿದಳು.

"ಎವುರಮ್ಮಾ ನುವ್ವು?"

ನೀನು ಯಾರಮ್ಮ ಎಂದು ಕೇಳುತ್ತಿದ್ದಳು. ಅಷ್ಟು ತೆಲುಗು ಶರ್ವಾಣಿಗೆ ಬರುತ್ತಿತ್ತು. ಆವುಲಪ್ಪ ಅವಳೇ ಹೇಳಲಿ ಎಂದು ಕಾದು ನಿಂತಿದ್ದರು. ಇದನ್ನು ಕೀಳಿಸಿದವಳು ನಾನು ಎಂದು ಹೇಳಿ ಶರ್ವಾಣಿ ಎರಡೂ ಕೈಯಿಂದ ಕಲ್ಲನ್ನು ತೊಡೆಯಿಂದ ಎತ್ತಿ, ಮುದುಕಿಗೆ ಕಾಣುವಷ್ಟು ಹತ್ತಿರಕ್ಕೆ ಹಿಡಿದಳು.